ನಾಲ್ಕನೇ ಆರ್ಗ್ಯುಮೆಂಟ್ ಎಲ್ಲಿ ಹೋಯಿತು?

ಪುಣೆಯ ಹಿಂಜವಡಿಯಲ್ಲಿ ನಮ್ಮ ಟೀಮ್ ಒಂದು ಸಣ್ಣ ಲೋಡರ್ (ಪ್ರೋಗ್ರಾಂಗಳನ್ನು ಮೆಮೊರಿಗೆ ತಂದು ಓಡಿಸುವ ಪ್ರೋಗ್ರಾಂ) ಬರೆಯುತ್ತಿದೆ. ಸಿ ಲೈಬ್ರರಿ ಇಲ್ಲದೆ ಓಡಬೇಕು ಅನ್ನೋದು ಷರತ್ತು. ಅಂದ ಮೇಲೆ ಲಿನಕ್ಸ್ ಸಿಸ್ಟಮ್ ಕಾಲ್‌ಗಳ ರ‍್ಯಾಪರ್‌ಗಳನ್ನು ಅಸೆಂಬ್ಲಿಯಲ್ಲಿ ನಾವೇ ಬರೆದುಕೊಳ್ಳಬೇಕು. ಸಿಸ್ಟಮ್ ಕಾಲ್ ಅಂದರೆ ಪ್ರೋಗ್ರಾಂ ಕರ್ನಲ್‌ಗೆ (ಓಎಸ್‌ನ ತಿರುಳಿಗೆ) ಕೆಲಸ ಹೇಳುವ ಕರೆ, ಅದರ ಜೊತೆ ಕೊಡುವ ಮಾಹಿತಿಗಳೇ ಆರ್ಗ್ಯುಮೆಂಟ್, ರ‍್ಯಾಪರ್ ಅಂದರೆ ಆ ಕರೆ ಮಾಡುವ ಪುಟ್ಟ ಫಂಕ್ಷನ್, ಅಸೆಂಬ್ಲಿ ಅಂದರೆ ಪ್ರೊಸೆಸರ್ ಇನ್‌ಸ್ಟ್ರಕ್ಷನ್‌ಗಳಲ್ಲೇ ಬರೆಯುವ ಭಾಷೆ. ಆ ಕೆಲಸ ಹೊಸದಾಗಿ ಸೇರಿದ ವಿಜಯಪುರದ ಹುಡುಗಿಯ ಪಾಲಿಗೆ ಬಂತು. ರೀಡ್, ರೈಟ್, ಓಪನ್ ಎಲ್ಲ ಸಲೀಸಾಗಿ ಓಡಿದವು. ಮೆಮೊರಿ ಕೇಳಲು ಬಳಸುವ ಎಂಮ್ಯಾಪ್ ಮಾತ್ರ ಕೈಕೊಟ್ಟಿತು.

"ಸರ, ಮೈನಸ್ 9 ಬರ್ಲಿಕ್ಕತ್ತದ್ರಿ. ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್ ಅಂತ. ನಾ ಫೈಲೇ ಕೊಟ್ಟಿಲ್ಲಲ್ರಿ!"

ನಿಜ. ಫೈಲ್ ಡಿಸ್ಕ್ರಿಪ್ಟರ್ ಅಂದರೆ ತೆರೆದ ಫೈಲ್‌ನ ನಂಬರು, ಅವಳಿಗೆ ಬೇಕಿದ್ದದ್ದು ಬರೀ ಖಾಲಿ ಮೆಮೊರಿ. ಎಂಥ ಮೆಮೊರಿ ಬೇಕು ಅಂತ ಹೇಳುವ ನಾಲ್ಕನೇ ಆರ್ಗ್ಯುಮೆಂಟ್, ಅಂದರೆ ಫ್ಲ್ಯಾಗ್‌ಗಳಲ್ಲಿ, ಪ್ರೈವೇಟ್ ಮತ್ತು ಅನಾನಿಮಸ್ ಎರಡೂ ಇದ್ದವು. ಅಂದರೆ 2 ಮತ್ತು 32, ಒಟ್ಟು 34. ಅನಾನಿಮಸ್ ಅಂದಮೇಲೆ ಫೈಲ್ ಇಲ್ಲ, ಅದರ ಜಾಗದಲ್ಲಿ, ಅಂದರೆ ಐದನೇ ಆರ್ಗ್ಯುಮೆಂಟ್‌ನಲ್ಲಿ, ಮೈನಸ್ 1. ಜಿಡಿಬಿ ಅನ್ನೋ ಡಿಬಗರ್‌ನಲ್ಲಿ ನೋಡಿದರೆ, ಐದನೆಯದನ್ನು ಇಡುವ ಪ್ರೊಸೆಸರ್ ಖಾನೆಯಾದ ಆರ್8 ರಿಜಿಸ್ಟರ್‌ನಲ್ಲಿ 4294967295 ಕಾಣುತ್ತಿತ್ತು. ಅವಳ ಅನುಮಾನವೆಲ್ಲ ಅದರ ಮೇಲೆ. ಮೈನಸ್ 1 ಕೊಟ್ಟರೆ ಇಷ್ಟು ದೊಡ್ಡ ಸಂಖ್ಯೆ ಯಾಕೆ ಬರಬೇಕು, ಅಲ್ವಾ?

ಆದರೆ ಅದರಲ್ಲಿ ತಪ್ಪೇನಿಲ್ಲ. ಕಂಪೈಲರ್ ಕೆಳಗಿನ 32 ಬಿಟ್‌ಗಳಿಗೆ ಮೈನಸ್ 1 ಬರೆದಿದೆ, ಮೇಲಿನ ಅರ್ಧ ತಾನಾಗಿ ಸೊನ್ನೆಯಾಗಿದೆ. ಫೈಲ್ ಡಿಸ್ಕ್ರಿಪ್ಟರ್ ಅಂತ ಕರ್ನಲ್ ನೋಡುವುದೂ ಆ ಕೆಳಗಿನ 32 ಬಿಟ್‌ಗಳನ್ನೇ. ದೂರು ಐದನೇ ಆರ್ಗ್ಯುಮೆಂಟ್ ಮೇಲೆ ಬಂದಿತ್ತು, ಎಡವಟ್ಟು ಇದ್ದದ್ದು ನಾಲ್ಕನೆಯದರಲ್ಲಿ.

ಸಿಸ್ಟಮ್ ಕಾಲ್‌ಗಳನ್ನು ಸಾಲುಸಾಲಾಗಿ ತೋರಿಸುವ ಎಸ್‌ಟ್ರೇಸ್ ಹಾಕಿ ಅಂದೆ. ಎಂಮ್ಯಾಪ್ ಸಾಲಿನಲ್ಲಿ ಅಳತೆ 4096, ರೀಡ್ ಮತ್ತು ರೈಟ್ ಅನುಮತಿ ಎಲ್ಲ ಸರಿ ಇತ್ತು. ಫ್ಲ್ಯಾಗ್ ಜಾಗದಲ್ಲಿ ಮಾತ್ರ 34ರ ಸುಳಿವೇ ಇಲ್ಲ.

ವಿಷಯ ಇಷ್ಟೇ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳ ಲಿನಕ್ಸ್‌ನಲ್ಲಿ ಸಿ ಫಂಕ್ಷನ್‌ಗೆ ನಾಲ್ಕನೇ ಆರ್ಗ್ಯುಮೆಂಟ್ ಆರ್‌ಸಿಎಕ್ಸ್‌ನಲ್ಲಿ ಬರುತ್ತದೆ. ಕರ್ನಲ್ ಅದನ್ನು ಹುಡುಕುವುದು ಆರ್10ರಲ್ಲಿ. ಯಾಕೆ ಈ ತಕರಾರು ಅಂದರೆ, ಸಿಸ್‌ಕಾಲ್ ಅನ್ನೋ ಇನ್‌ಸ್ಟ್ರಕ್ಷನ್ ಓಡಿದ ಕೂಡಲೇ ಪ್ರೊಸೆಸರ್ ತಾನು ವಾಪಸ್ ಬರಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ಗೆ ಬರೆದುಬಿಡುತ್ತದೆ. ಅಲ್ಲಿದ್ದದ್ದು ಹೋಯಿತು. ತನ್ನ ಸ್ಥಿತಿ ಹೇಳುವ ಫ್ಲ್ಯಾಗ್ ರಿಜಿಸ್ಟರನ್ನು (ಎಂಮ್ಯಾಪ್‌ನ ಫ್ಲ್ಯಾಗ್ ಬೇರೆ) ಆರ್11ಕ್ಕೆ ಹಾಕುತ್ತದೆ. ಉಳಿದ ಐದೂ ಆರ್ಗ್ಯುಮೆಂಟ್‌ಗಳಿಗೆ ಎರಡೂ ಕಡೆ ಒಂದೇ ಜಾಗ.

ನಮ್ಮ ರ‍್ಯಾಪರ್‌ನಲ್ಲಿ ಆರ್10ಕ್ಕೆ ಯಾರೂ ಏನೂ ಹಾಕಿರಲಿಲ್ಲ. ಹಿಂದಿನ ಯಾವುದೋ ಫಂಕ್ಷನ್ ಬಿಟ್ಟುಹೋದದ್ದು ಅಲ್ಲಿ ಕೂತಿತ್ತು. ಅದರಲ್ಲಿ ಅನಾನಿಮಸ್ ಬಿಟ್ ಇಲ್ಲ. ಹಾಗಾಗಿ ಕರ್ನಲ್ ಮೈನಸ್ 1 ಅನ್ನು ನಿಜವಾದ ಫೈಲ್ ಅಂದುಕೊಂಡು ಹುಡುಕಲು ಹೋಯಿತು. ಸಿಗಲಿಲ್ಲ, 9 ಅಂತು. ಆ ಕಸದಲ್ಲಿ ಅನಾನಿಮಸ್ ಬಿಟ್ ಇದ್ದು, ಪ್ರೈವೇಟ್ ಶೇರ್ಡ್ ಎರಡೂ ಇಲ್ಲದಿದ್ದರೆ 22 ಬರುತ್ತಿತ್ತು, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್. ಅದೇ ಕೋಡ್, ಬಿಲ್ಡ್ ಬದಲಾದರೆ ಬೇರೆ ಎರರ್. ಇಂಥದ್ದರ ಬೆನ್ನು ಹತ್ತಿದರೆ ದಿನಗಳೇ ಹೋಗುತ್ತವೆ.

ರೀಡ್, ರೈಟ್, ಓಪನ್‌ಗೆ ಮೂರೇ ಆರ್ಗ್ಯುಮೆಂಟ್. ನಾಲ್ಕನೆಯದು ಬೇಕಾಗುವುದೇ ಇಲ್ಲ. ಅದಕ್ಕೇ ಅವು ಓಡಿದವು. ಎಂಮ್ಯಾಪ್‌ಗೆ ಆರು ಬೇಕು. ಇನ್ನು ಮುಂದೆ ರ‍್ಯಾಪರ್ ಟೆಸ್ಟ್ ಎಂಮ್ಯಾಪ್‌ನಿಂದಲೇ ಶುರುವಾಗಲಿ ಅಂತ ಟೀಮ್‌ನಲ್ಲಿ ಹೇಳಿದ್ದೇನೆ.

ಸರಿಪಡಿಸಿದ ಮೇಲೆ ಇಡೀ ರ‍್ಯಾಪರ್ ನಾಲ್ಕೇ ಸಾಲು: ಆರ್‌ಸಿಎಕ್ಸ್‌ನಿಂದ ಆರ್10ಕ್ಕೆ ಮೂವ್, ಇಎಎಕ್ಸ್‌ಗೆ 9, ಸಿಸ್‌ಕಾಲ್, ರೆಟ್. (ಎಂಮ್ಯಾಪ್‌ನ ಕಾಲ್ ನಂಬರೂ 9, ಬಂದ ಎರರೂ 9. ಸುಮ್ನೆ ಕಾಕತಾಳೀಯ, ಆದರೆ ತಲೆ ಕೆಡಿಸಲು ಅದೂ ಸಾಕು.) ರಿವ್ಯೂನಲ್ಲಿ ಇನ್ನೊಬ್ಬರು ಆರ್‌ಸಿಎಕ್ಸ್, ಆರ್11 ಎರಡನ್ನೂ ಪುಶ್ ಮಾಡಿ ಉಳಿಸಿ ಅಂದರು. ಬೇಡ. ಫಂಕ್ಷನ್ ಕರೆದವರು ಆ ಎರಡೂ ಉಳಿಯುತ್ತವೆ ಅನ್ನೋ ಆಸೆ ಮೊದಲೇ ಬಿಟ್ಟಿರುತ್ತಾರೆ. ಸಿ ಕೋಡಿನೊಳಗೇ ಬರೆಯುವ ಇನ್‌ಲೈನ್ ಅಸೆಂಬ್ಲಿ ಆಗಿದ್ದರೆ ಅವೆರಡೂ ಅಳಿಯುತ್ತವೆ ಅಂತ ಕಂಪೈಲರ್‌ಗೆ ಹೇಳಲೇಬೇಕಿತ್ತು, ಆ ಮಾತು ಬೇರೆ.

ಇನ್ನೊಂದು ಗೊಂದಲ ಸಿ ಕಡೆ ಇತ್ತು. ವಾಪಸ್ ಬಂದ ಪಾಯಿಂಟರ್ ನಲ್ ಹೌದೋ ಅಲ್ಲವೋ ಅಂತ ಮಾತ್ರ ನೋಡುತ್ತಿದ್ದರು, ಸೋತರೆ ನಲ್ (ಸೊನ್ನೆ) ಕೊಡುವ ಸಿ ಲೈಬ್ರರಿಯ ಮಾಲಾಕ್‌ನಿಂದ ಬಂದ ಅಭ್ಯಾಸ. ಎಂಮ್ಯಾಪ್ ಸೋತರೆ ನಲ್ ಕೊಡುವುದಿಲ್ಲ. ಕರ್ನಲ್ ಮೈನಸ್ 1ರಿಂದ ಮೈನಸ್ 4095ರೊಳಗಿನ ಸಂಖ್ಯೆ ಕೊಡುತ್ತದೆ. ಅದನ್ನು ಅನ್‌ಸೈನ್ಡ್ (ಮೈನಸ್ ಇಲ್ಲದ ಸಂಖ್ಯೆ) ಆಗಿಯೇ ಹೋಲಿಸಬೇಕು. ಬರೀ ಮೈನಸ್ ಇದೆಯಾ ಅಂತ ನೋಡಿದರೆ 64 ಬಿಟ್‌ನಲ್ಲಿ ನಡೆದುಹೋಗುತ್ತದೆ. 32 ಬಿಟ್‌ನಲ್ಲಿ ಒಳ್ಳೆಯ ವಿಳಾಸಗಳೂ ಅರ್ಧಕ್ಕಿಂತ ಮೇಲೆ ಬರುತ್ತವೆ, ಅವೂ ಮೈನಸ್ ಅನ್ನಿಸಿ ಎರರ್ ಲೆಕ್ಕಕ್ಕೆ ಸೇರುತ್ತವೆ.

ಈಗ ಅವಳು ಅದೇ ರ‍್ಯಾಪರನ್ನು 64 ಬಿಟ್ ಆರ್ಮ್‌ಗೆ ಬರೆಯುತ್ತಿದ್ದಾಳೆ. ಅಲ್ಲಿ ಆರೂ ಆರ್ಗ್ಯುಮೆಂಟ್ ಇದ್ದಲ್ಲೇ ಇರುತ್ತವೆ. ಎಕ್ಸ್8ಕ್ಕೆ ಅಲ್ಲಿನ ಎಂಮ್ಯಾಪ್ ನಂಬರು 222 ಹಾಕಿ, ಸಿಸ್‌ಕಾಲ್ ಬದಲು ಎಸ್‌ವಿಸಿ ಓಡಿಸಿದರೆ ಆಯಿತು. "ಇಲ್ಲಿ ಏನೂ ಸರಿಸೋದಿಲ್ಲೇನ್ರಿ?" ಅಂತ ಎರಡು ಸಲ ಕೇಳಿದಳು.