ದಾಳ ಕೈಕೊಟ್ಟರೆ ಸುಳಿವು ಸಿಗಬಾರದೇ?

ರೋಲ್‌ಪ್ಲೇ ಆಟ (ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಪಾತ್ರದ ಯತ್ನ ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ) ಆಡಿಸಲು ಹೊರಟವರೆಲ್ಲ ಒಂದಲ್ಲ ಒಂದು ದಿನ ನನ್ನನ್ನು ಕೇಳುವುದು ಇದನ್ನೇ: ‘ಪತ್ತೇದಾರಿ ಕಥೆ ಹೆಣೆದಿದ್ದೇನೆ. ಪಾತ್ರಗಳು ಕೋಣೆಯನ್ನು ಶೋಧಿಸುತ್ತವೆ, ದಾಳ ಕೈಕೊಡುತ್ತದೆ, ಮುಖ್ಯ ಸುಳಿವೇ ಸಿಗುವುದಿಲ್ಲ. ಆಟ ಅಲ್ಲಿಗೇ ನಿಂತುಬಿಡುತ್ತದೆ. ಏನು ಮಾಡಲಿ?’

ಸುಳಿವನ್ನು ಕೊಟ್ಟುಬಿಡಿ. ದಾಳ ಉರುಳಿಸಲೇಬೇಕು ಎಂದಿದ್ದರೆ, ಅದು ಸಿಗಲು ಏನನ್ನು ತೆರಬೇಕಾಯಿತು ಎಂಬುದಕ್ಕೆ ಉರುಳಿಸಿ.

ಒಂದು ಸಣ್ಣ ಲೆಕ್ಕ ನೋಡಿ. 1981ರಲ್ಲಿ ಬಂದ ಕಾಲ್ ಆಫ್ ಕ್ತುಲು ಎಂಬ ರೋಲ್‌ಪ್ಲೇ ಆಟದಲ್ಲಿ ಅಡಗಿಸಿಟ್ಟದ್ದನ್ನು ಕಾಣುವುದಕ್ಕೆ ‘ಸ್ಪಾಟ್ ಹಿಡನ್’ ಎಂಬ ಕೌಶಲವಿದೆ. ಅದರ ಆರಂಭದ ಮಟ್ಟ ಶೇಕಡಾ 25, ಅಂದರೆ ದಾಳ ಹಾಕಿದಾಗ ಗೆಲ್ಲುವ ಸಂಭವ ಅಷ್ಟೇ. ಆ ಮಟ್ಟದ ನಾಲ್ವರು ಒಂದೇ ಕೋಣೆಯನ್ನು ತಡಕಾಡಿದರೂ ನಾಲ್ವರೂ ಸೋಲುವ ಸಂಭವ ಶೇಕಡಾ 32ರ ಹತ್ತಿರ. ಅದೇ ನಾಲ್ವರ ಕೌಶಲ ಶೇಕಡಾ 50 ಇದ್ದರೆ ಯಾರಾದರೊಬ್ಬರು ಗೆಲ್ಲುವ ಸಂಭವ ಶೇಕಡಾ 94. ಮೊದಲನೆಯದರಲ್ಲಿ ಕಥೆ ಸಾಯಬಹುದು, ಎರಡನೆಯದರಲ್ಲಿ ದಾಳ ಬರೀ ಶಾಸ್ತ್ರಕ್ಕೆ. ಎರಡರಲ್ಲೂ ಆಡುವವನ ಬುದ್ಧಿಗೆ ಕೆಲಸವಿಲ್ಲ.

ಆಟಗಳ ವಿನ್ಯಾಸಕ ರಾಬಿನ್ ಲಾಸ್ ಪತ್ತೇದಾರಿ ಆಟಗಳಿಗಾಗಿ ರೂಪಿಸಿದ ಗಮ್‌ಶೂ ಎಂಬ ನಿಯಮ ಪದ್ಧತಿ ಈ ಗಂಟನ್ನು ನೇರವಾಗಿ ಕತ್ತರಿಸಿತು. ಸರಿಯಾದ ಜಾಗದಲ್ಲಿ, ಸರಿಯಾದ ಕೌಶಲವಿದ್ದವನು ಅದನ್ನು ಬಳಸುತ್ತೇನೆ ಎಂದರೆ ಮುಖ್ಯ ಸುಳಿವು ಅವನದೇ, ದಾಳವಿಲ್ಲ. ಆಟದ ರಸವಿರುವುದು ಸುಳಿವನ್ನು ಹುಡುಕುವುದರಲ್ಲಲ್ಲ, ಅದರ ಅರ್ಥ ಬಿಡಿಸುವುದರಲ್ಲಿ ಎಂಬುದು ಅದರ ಹಿಂದಿನ ವಾದ. ನನಗೆ ಪೂರ್ತಿ ಒಪ್ಪಿಗೆ.

ಶಿರಸಿಯಲ್ಲಿ ಮಳೆಗಾಲದ ಭಾನುವಾರಗಳಂದು ಗೆಳೆಯರಿಗೆ ನಾನು ಆಡಿಸುವ ಕಥೆಯೊಂದರಿಂದ ಉದಾಹರಣೆ ಕೊಡುತ್ತೇನೆ. ಕಾಲ 1863, ಊರು ಕುಮಟಾ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬಂಗಾರದ ಬೆಲೆ ಬಂದಿದೆ. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಬಂದರಿಗೆ ಬರುತ್ತಿದೆ. ಕಲಬೆರಕೆ ಎಷ್ಟು ಹೆಚ್ಚಿತ್ತೆಂದರೆ ಮುಂಬಯಿ ಸರ್ಕಾರ ಅದೇ ವರ್ಷ ಹತ್ತಿ ವಂಚನೆಯ ವಿರುದ್ಧ ಕಾಯ್ದೆಯನ್ನೇ ತಂದಿತು. ಇಷ್ಟು ಇತಿಹಾಸ. ಕಾಣೆಯಾದ ಹತ್ತಿ ತಪಾಸಣಾಧಿಕಾರಿ ಮಾತ್ರ ನನ್ನ ಕಲ್ಪನೆ.

ಪಾತ್ರಗಳು ರಾತ್ರಿ ವಖಾರಿಯೊಳಗೆ ನುಗ್ಗುತ್ತವೆ. ‘ಹುಡುಕುತ್ತೇವೆ’ ಎಂದರೆ ನಾನು ಒಪ್ಪುವುದಿಲ್ಲ. ‘ಕೈ ಎಲ್ಲಿಡುತ್ತೀಯ?’ ಎಂದು ಕೇಳುತ್ತೇನೆ. ಒಬ್ಬ ಕಿರ್ದಿ ಪುಸ್ತಕ ತೆರೆಯುತ್ತಾನೆ, ಇನ್ನೊಬ್ಬಳು ಅಂಡಿಗೆಗಳನ್ನು ಮುಟ್ಟಿ ನೋಡುತ್ತೇನೆ ಎನ್ನುತ್ತಾಳೆ. ಮೂರು ಅಂಡಿಗೆಗಳ ಹೊಲಿಗೆ ಹೊಸದು. ಒಳಗಿನ ಹತ್ತಿ ತಣ್ಣಗೆ ಜಡವಾಗಿದೆ, ಹಿಂಡಿದ ಬೆರಳನ್ನು ನಾಲಿಗೆಗೆ ಇಟ್ಟರೆ ಉಪ್ಪು. ಇಷ್ಟನ್ನೂ ದಾಳವಿಲ್ಲದೆ ಕೊಡುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತೇನೆ, ಗೇಮ್ ಮಾಸ್ಟರ್‌ಗೆ, ಅಂದರೆ ಆಟ ಆಡಿಸುವವನಿಗೆ, ಇದೇ ಕಷ್ಟದ ಭಾಗ. ಮೇಜಿನ ಸುತ್ತ ಸ್ವಲ್ಪ ಹೊತ್ತು ಗುಸುಗುಸು. ಕೊನೆಗೆ ಯಾರೋ ಒಬ್ಬರು, ‘ಅಲ್ಲ ಮಾರಾಯ, ಘಟ್ಟದ ಮೇಲಿಂದ ಬಂದ ಹತ್ತಿಗೆ ಕಡಲಿನ ಉಪ್ಪೆಲ್ಲಿಂದ?’ ಎನ್ನುತ್ತಾರೆ. ತೂಕ ಹೆಚ್ಚಿಸಲು ನೀರು ಕುಡಿಸಿದ್ದು ಧಾರವಾಡದಲ್ಲಲ್ಲ, ಇಲ್ಲೇ ಎಂದು ಹೊಳೆಯುವ ಆ ಗಳಿಗೆಯನ್ನು ಯಾವ ದಾಳವೂ ಕೊಡಲಾರದು.

ಹಾಗಾದರೆ ದಾಳ ಎಲ್ಲಿ? ಕಾವಲುಗಾರನ ಲಾಟೀನಿನಲ್ಲಿ. ಗೆದ್ದರೆ ಸದ್ದಿಲ್ಲದೆ ಹೊರಬೀಳುತ್ತಾರೆ. ಸೋತರೆ ಉಪ್ಪು ಸಿಗುತ್ತದೆ, ಆದರೆ ಅಷ್ಟರಲ್ಲಿ ಬಾಗಿಲ ಬಳಿ ಬೆಳಕು ಕಾಣುತ್ತದೆ, ಇಲ್ಲವೇ ಉಳಿದ ಸರಕನ್ನು ಹೊತ್ತ ಪತ್ತೆಮಾರಿ ಉಬ್ಬರದ ಜೊತೆ ಹಾಯಿ ಬಿಚ್ಚಿರುತ್ತದೆ. ಇದು ನನ್ನ ಸ್ವಂತ ಆವಿಷ್ಕಾರವೇನಲ್ಲ. 1981ರ ಬೇಸಿಕ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇ ಆಟದಲ್ಲಿ ಹತ್ತಡಿ ಚದರದ ಜಾಗವನ್ನು ಶೋಧಿಸಲು ಆಟದೊಳಗಿನ 10 ನಿಮಿಷ ಬೇಕು. ಪ್ರತಿ 20 ನಿಮಿಷಕ್ಕೊಮ್ಮೆ ಅಲೆಯುವ ಪ್ರಾಣಿ ಎದುರಾಗುವುದೇ ಎಂದು ದಾಳ ಹಾಕಬೇಕು. ಅಲ್ಲಿ ಹುಡುಕಾಟಕ್ಕೆ ಬೆಲೆಯಿತ್ತು. ಬೆಲೆಯೇ ಇಲ್ಲದ ಕಡೆ, ಯಾರೂ ಬಾರದ ಖಾಲಿ ಮನೆಯಲ್ಲಿ, ದಾಳವನ್ನು ಮುಟ್ಟಲೇಬೇಡಿ. ‘ಅರ್ಧ ದಿನ ಹುಡುಕಿದಿರಿ, ಸಿಕ್ಕಿದ್ದು ಇದು’ ಎಂದು ಮುಂದೆ ಸಾಗಿ.

ಉಪ್ಪಿನ ಅರ್ಥ ಯಾರಿಗೂ ಹೊಳೆಯದಿದ್ದರೆ? ಪ್ರತಿಯೊಂದು ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಿ ಎಂದು ರೋಲ್‌ಪ್ಲೇ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದದ್ದು ಇಂಥ ಹೊತ್ತಿಗೇ. ಅದಕ್ಕೆ ನನ್ನದೊಂದು ಸೇರ್ಪಡೆ: ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಅದು ಒಂದೇ ಸುಳಿವು. ಹಾಗಾಗಿ ನನ್ನ ಕಥೆಯಲ್ಲಿ ಎರಡನೆಯದು ಶಿರಸಿಯಲ್ಲಿ ತೂಗಿದ ಚೀಟಿ, ಅದರ ತೂಕ ಬಂದರಿನ ಕಿರ್ದಿಗಿಂತ ಕಡಿಮೆ. ಮೂರನೆಯದು ಗಾಡಿಯವನ ಮಾತು: ದಾರಿಯುದ್ದಕ್ಕೂ ಒಂದು ಹನಿ ಮಳೆಯಿರಲಿಲ್ಲ.

ದಾರಿ ತಪ್ಪಿಸುವ ಸುಳ್ಳು ಸುಳಿವುಗಳನ್ನು ನಾನು ಇಡುವುದೇ ಇಲ್ಲ, ಆ ಕೆಲಸವನ್ನು ಆಟಗಾರರು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ. ಒಂದು ತಂಡವಂತೂ ಉಪ್ಪು ಎಂದ ಕೂಡಲೇ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೊರಟೇಬಿಟ್ಟಿತು. ತಡೆಯಲಿಲ್ಲ. ಕುಮಟಾ ಬಂದರಿನಲ್ಲಿ ಇರಬೇಕಿದ್ದ ಗಾಡಿಯವನನ್ನು ಎಬ್ಬಿಸಿ ಸಾಣಿಕಟ್ಟಾ ದಾರಿಯ ಛತ್ರದಲ್ಲಿ ಕೂರಿಸಿದೆ. ಅವನು ಮೊದಲಿನಿಂದಲೂ ಅಲ್ಲೇ ಇದ್ದ ಎಂದು ಅವರು ಇಂದಿಗೂ ನಂಬಿದ್ದಾರೆ.