ಐಆರ್64 ಕಿವುಡಲ್ಲ: ತಾರಸಿಯ ಭತ್ತದ ಪ್ರಯೋಗ ಎಲ್ಲಿಗೆ ಬಂತು

ಈ ಸಲ ಎಲ್ಲ ಲೋಟಗಳಲ್ಲೂ ಮೊಳಕೆ ಒಂದೇ ಮಟ್ಟಕ್ಕೆ ಬಂದಿದೆ. ಮಂಡ್ಯದ ನಮ್ಮ ತಾರಸಿಯಲ್ಲಿ ಒಂದು ಸಾಲು ಐಆರ್64, ಪಕ್ಕದಲ್ಲಿ ರಾಜಮುಡಿ. ಮೊದಲನೆಯದು ಗಿಡ್ಡ ತಳಿ. ರಾಜಮುಡಿ ನಾಟಿ, ಎತ್ತರಕ್ಕೆ ಬೆಳೆದು ಗಾಳಿ ಮಳೆಗೆ ಮಲಗಿಬಿಡುತ್ತದೆ. ನನ್ನ ಪ್ರಶ್ನೆ ಇಷ್ಟೇ: ಗಿಡ್ಡ ತಳಿಯಲ್ಲಿ, ಗಿಡ ಉದ್ದವಾಗಲು ಬೇಕಾದ ಜಿಬ್ಬರೆಲಿನ್ ಹಾರ್ಮೋನೇ ಕಡಿಮೆಯಾ, ಇಲ್ಲಾ ಇದ್ದರೂ ಅದಕ್ಕೆ ಕೇಳಿಸುತ್ತಿಲ್ಲವಾ?

ಕೇಳಿಸಿಕೊಳ್ಳುವ ಪ್ರೋಟೀನಿನ ಹೆಸರು ಜಿಐಡಿ1. 2005ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಅದನ್ನು ಗುರುತಿಸಿದ್ದು ಭತ್ತದಲ್ಲೇ. ಜಿಬ್ಬರೆಲಿನ್ ಅದರ ಗುಳಿಯಲ್ಲಿ ಕೂತ ಕೂಡಲೇ ಪ್ರೋಟೀನಿನ ಒಂದು ತುದಿ ಮಡಚಿಕೊಂಡು ಗುಳಿ ಮುಚ್ಚುತ್ತದೆ. ಮುಚ್ಚಿದ ಜಾಗಕ್ಕೆ ಡೆಲ್ಲಾ ಎಂಬ ಇನ್ನೊಂದು ಪ್ರೋಟೀನ್ ಬಂದು ಅಂಟುತ್ತದೆ. ಬೆಳವಣಿಗೆ ತಡೆದು ಕೂತಿರುವುದೇ ಈ ಡೆಲ್ಲಾ. ಅಂಟಿದ ಮೇಲೆ ಜೀವಕೋಶ ಅದಕ್ಕೆ ಗುರುತು ಹಾಕಿ ಚೂರು ಮಾಡುತ್ತದೆ. ಅಂದರೆ ಹಾರ್ಮೋನ್ ಗಿಡವನ್ನು ಎಳೆದು ಉದ್ದ ಮಾಡುವುದಿಲ್ಲ, ಅಡ್ಡ ಇದ್ದದ್ದನ್ನು ತೆಗೆಸುತ್ತದೆ ಅಷ್ಟೇ. ಜಿಐಡಿ1 ಕೆಟ್ಟಿದ್ದರೆ ಎಷ್ಟು ಸುರಿದರೂ ದಂಡ.

ಗೊಬ್ಬರದ ಅಂಗಡಿಯಲ್ಲಿ ಜಿಬ್ಬರೆಲಿಕ್ ಆಸಿಡ್, ಅಂದರೆ ಇದೇ ಹಾರ್ಮೋನಿನ ಪುಡಿ ಕೇಳಿದರೆ, "ದ್ರಾಕ್ಷಿ ಎಲ್ಲಿ ಹಾಕಿದ್ದೀರಾ ಸಾರ್?" ಅಂದರು. ಲೋಟದಲ್ಲಿ ಭತ್ತ ಅನ್ನೋಕೆ ಸಂಕೋಚವಾಗಿ ಸುಮ್ನೆ ನಕ್ಕೆ. ಪುಡಿ ನೀರಿಗೆ ಸರಿಯಾಗಿ ಬೆರೆಯುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಬೇಕು. ಆಮೇಲೆ ಲೀಟರಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಮಾಡಿಕೊಂಡು ಸುಳಿಗೆ ಒಂದೊಂದು ತೊಟ್ಟು ಬಿಟ್ಟೆ. ಹೋಲಿಸಲು ಇಟ್ಟ ಲೋಟಗಳಿಗೆ ಅಷ್ಟೇ ಸ್ಪಿರಿಟ್ ಬೆರೆಸಿದ ಬರೀ ನೀರು. ಇಲ್ಲದಿದ್ದರೆ ಸ್ಪಿರಿಟ್ ಮಾಡಿದ್ದೋ ಹಾರ್ಮೋನ್ ಮಾಡಿದ್ದೋ ಗೊತ್ತಾಗಲ್ಲ, ಅಲ್ವಾ?

ಇಡೀ ಸಸಿ ಅಳೆಯುವುದು ಬಿಟ್ಟಿದ್ದೇನೆ. ಎರಡನೇ ಎಲೆ ಕಾಂಡವನ್ನು ಸುತ್ತಿಕೊಂಡಿರುತ್ತದಲ್ಲ, ಆ ಭಾಗಕ್ಕೆ ಮಾತ್ರ ಸ್ಕೇಲ್ ಹಿಡಿಯುವುದು. ತೊಟ್ಟು ಬಿದ್ದ ಐಆರ್64ರಲ್ಲಿ ಅದು ಚೆನ್ನಾಗಿ ಉದ್ದವಾಗಿದೆ, ಬಣ್ಣ ಸ್ವಲ್ಪ ಪೇಲವ. ರಾಜಮುಡಿಯೂ ಬೆಳೆಯಿತು, ಆದರೆ ಅಷ್ಟು ಜಾಸ್ತಿ ಅಲ್ಲ. ಐಆರ್64ರಲ್ಲಿ ಎಸ್‌ಡಿ1 ಎಂಬ ಜೀನ್ ಕೆಟ್ಟಿದೆ, ಅದು ಜಿಬ್ಬರೆಲಿನ್ ತಯಾರಿಸುವ ಜೀನ್. ಕೇಳಿಸಿಕೊಳ್ಳುವ ಕಡೆ ತೊಂದರೆ ಇಲ್ಲ ಎಂದು ಲೋಟದಲ್ಲೇ ಕಂಡಂತಾಯಿತು. ಹಸಿರು ಕ್ರಾಂತಿಯ ಗಿಡ್ಡ ಗೋಧಿಯ ಕಥೆ ಬೇರೆ. ಅಲ್ಲಿ ಬದಲಾಗಿರುವುದು ಡೆಲ್ಲಾನೇ, ತೊಟ್ಟು ಬಿಟ್ಟರೂ ಅದು ಹೀಗೆ ಏಳುವುದಿಲ್ಲ.

ಮುಂದಿನ ಸುತ್ತಿಗೆ ಮಾವಿನ ತೋಟದವರು ಬಳಸುವ ಪ್ಯಾಕ್ಲೋಬ್ಯುಟ್ರಜಾಲ್ ತಂದಿದ್ದೇನೆ. ಜಿಬ್ಬರೆಲಿನ್ ತಯಾರಾಗುವುದನ್ನೇ ಅದು ತಡೆಯುತ್ತದೆ. ರಾಜಮುಡಿಯನ್ನು ಅದರಿಂದ ಗಿಡ್ಡ ಮಾಡಿ, ಆಮೇಲೆ ತೊಟ್ಟು ಬಿಟ್ಟು ಎಬ್ಬಿಸಲು ಆಗುತ್ತಾ ನೋಡಬೇಕು. ಬೀಜ ನೆನೆಹಾಕಿ ಆಗಿದೆ.