ಹೊಸ ಐಡಿಯಾ ಕೇಳುವವರಿಗೆ

ಮುಂಬೈಯ ಕನ್ನಡ ಕ್ರೈಸ್ತ ಸಭೆಯೊಂದರ ಭಾನುವಾರ ಶಾಲೆಯನ್ನು ನೋಡಿಕೊಳ್ಳುವವಳು ನಾನು. ಅದೊಂದೇ ಕಾರಣಕ್ಕೆ ಬೇರೆ ಬೇರೆ ಸಭೆಗಳವರು ಫೋನ್ ಮಾಡಿ ಕೇಳುತ್ತಾರೆ: “ಮಕ್ಕಳಿಗೆ, ಯುವಜನರಿಗೆ, ಕುಟುಂಬಗಳಿಗೆ ಏನಾದರೂ ಮಾಡಬೇಕೆಂದಿದ್ದೇವೆ. ನಮ್ಮವರಲ್ಲದೆ ಸುತ್ತಮುತ್ತಲಿನವರೂ ಬರುವಂಥದ್ದು. ಹೊಸ ಐಡಿಯಾ ಇದ್ದರೆ ಕೊಡಿ ಸಿಸ್ಟರ್.” ಇಷ್ಟು ದಿನ ನಯವಾಗಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ.

ಐಡಿಯಾ ಇಲ್ಲ. ಇದ್ದರೂ ಕೊಡುವುದಿಲ್ಲ. ಗೊಂಬೆಯಾಟ, ಚಿತ್ರ ಬಿಡಿಸುವ ಸ್ಪರ್ಧೆ, ಬೈಬಲ್ ರಸಪ್ರಶ್ನೆ, ಕ್ಯಾರಲ್, ಸುಗ್ಗಿ ಹಬ್ಬದ ಏಲಂ, ಕಣ್ಣಿನ ತಪಾಸಣೆ: ಎಲ್ಲವೂ ಹಳೆಯವೇ, ಎಲ್ಲವೂ ಈಗಲೂ ನಡೆಯುತ್ತವೆ. ಐಡಿಯಾ ಸಾಲದೆ ಕೆಟ್ಟ ಕಾರ್ಯಕ್ರಮವನ್ನು ನಾನು ಕಂಡಿಲ್ಲ. ಹೊತ್ತುಗೊತ್ತು ನೋಡದೆ ಕೆಟ್ಟವನ್ನು ಬೇಕಾದಷ್ಟು ಕಂಡಿದ್ದೇನೆ.

ಒಮ್ಮೆ ಹಿರಿಯರೊಬ್ಬರು ಮನೆಗೇ ಬಂದರು. ಹೊಸ ಡೈರಿ ತೆರೆದು, ನಾನು ಮಾತಿನ ನಡುವೆ ಹೇಳಿದ “ಗೊಂಬೆಯಾಟ” ಎಂಬುದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿದೆ. “ಅದೆಲ್ಲ ಕಮಿಟಿ ನೋಡಿಕೊಳ್ಳುತ್ತದೆ” ಎಂದರು. ಕಮಿಟಿ ನೋಡಿಕೊಂಡಿತು. ವಿದ್ಯಾವಿಹಾರ್ ಸ್ಟೇಷನ್ನಿನ ಹತ್ತಿರ ಬಾಡಿಗೆ ಹಾಲ್, ಭಾನುವಾರ ಬೆಳಿಗ್ಗೆ 11.30. ಆ ದಿನ ಮಧ್ಯ ರೈಲ್ವೆಯಲ್ಲಿ ಮೆಗಾಬ್ಲಾಕ್, ಅಂದರೆ ದುರಸ್ತಿಗಾಗಿ ಕೆಲವು ಗಂಟೆ ಹಳಿ ಮುಚ್ಚುವುದು. ಮಾಟುಂಗಾದಿಂದ ಮುಲುಂಡ್‌ವರೆಗೆ ನಿಧಾನ ಮಾರ್ಗ ಮುಚ್ಚಿದರೆ ಲೋಕಲ್‌ಗಳು ವೇಗದ ಹಳಿಯಲ್ಲಿ ಓಡುತ್ತವೆ. ವಿದ್ಯಾವಿಹಾರ್, ಕಾಂಜುರ್‌ಮಾರ್ಗ್, ನಾಹೂರ್‌ಗಳಲ್ಲಿ ನಿಲ್ಲುವುದೇ ಇಲ್ಲ. ಹನ್ನೊಂದರ ಸುಮಾರಿಗೆ ಶುರುವಾದರೆ ನಾಲ್ಕರ ಹತ್ತಿರದವರೆಗೂ ಅದೇ ಪಾಡು. ಗೊಂಬೆಯಾಟದವನು ಮಾತ್ರ ಟೆಂಪೊದಲ್ಲಿ ಬಂದು ಮುಟ್ಟಿದ. ಕಥೆ ನೋಹನ ನಾವೆಯದು. ನಾವೆ ಹತ್ತಿದ ಪ್ರಾಣಿಗಳಷ್ಟು ಮಕ್ಕಳು ಹಾಲಿನಲ್ಲಿ ಇರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಹಿರಿಯರ ಫೋನ್: “ಗೊಂಬೆಯಾಟ ಈಗಿನ ಮಕ್ಕಳಿಗೆ ಹಿಡಿಸುವುದಿಲ್ಲ ಸಿಸ್ಟರ್. ಬೇರೆ ಐಡಿಯಾ ಹೇಳಿ.”

ಕೋಪ ಬರುವುದು ಇಂಥದ್ದಕ್ಕೆ. ಮೆಗಾಬ್ಲಾಕ್ ಏನು ಗುಟ್ಟಿನ ಸಂಗತಿಯೇ? ಶನಿವಾರದ ಪತ್ರಿಕೆಯಲ್ಲಿ ಬರುತ್ತದೆ. ಮೊಬೈಲಿನಲ್ಲಿ ಬರುತ್ತದೆ. ಆದರೆ ಅದು ಐಡಿಯಾ ಅಲ್ಲವಲ್ಲ, ಡೈರಿಯಲ್ಲಿ ಅದಕ್ಕೆ ಜಾಗವಿಲ್ಲ.

ಮೇ ತಿಂಗಳ ರಜಾ ಬೈಬಲ್ ಶಾಲೆಯದೂ ಇದೇ ಕಥೆ. “ಮೇಯಲ್ಲಿ ಬೇಡ, ಮಕ್ಕಳೆಲ್ಲ ಊರಿಗೆ ಹೋಗಿರುತ್ತಾರೆ, ಯಾರೂ ಇರುವುದಿಲ್ಲ” ಎನ್ನುತ್ತಾರೆ. ಮಂಗಳೂರು, ಉಡುಪಿ ಕಡೆಗೆ ಟಿಕೆಟ್ ಮಾಡಿಸಿದವರ ಮಕ್ಕಳು ಹೋಗಿರುತ್ತಾರೆ, ನಿಜ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ. ಅಲ್ಲಿಯವರೆಗೆ ಆ “ಯಾರೂ ಇಲ್ಲದವರು” ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾರೆ. ಸುತ್ತಮುತ್ತಲಿನವರು ಬರಲಿ ಎಂದು ಬಾಯಿ ತುಂಬ ಹೇಳಿ, ಸುತ್ತಮುತ್ತಲಿನವರು ಮಾತ್ರ ಇರುವ ತಿಂಗಳಿಗೆ ಹಾಲಿಗೆ ಬೀಗ ಹಾಕುವುದು!

ಅಂಥ ಮನೆಯ ತಾಯಿಯೊಬ್ಬಳಿಗೆ ನಮ್ಮ ಕಾರ್ಯಕ್ರಮದ ಬಗ್ಗೆ ಹೇಳಲು ಹೋಗಿದ್ದೆ. ಹಾಡು, ಕಥೆ, ಕರಕುಶಲ, ಬಿಸ್ಕತ್ತು ಎಂದು ಪಟ್ಟಿ ಓದುತ್ತಿದ್ದೆ. ಅವಳು ಕೊಡಗಳನ್ನು ಒಂದರೊಳಗೊಂದು ಇಟ್ಟು ಬಾಗಿಲ ಪಕ್ಕಕ್ಕೆ ಸರಿಸುತ್ತ ಕೇಳಿದ್ದು ಒಂದೇ ಮಾತು: “ಎಷ್ಟಕ್ಕೆ ಬಿಡುತ್ತೀರಿ? ಆರಕ್ಕೆ ನೀರು ಬರುತ್ತದೆ, ದೊಡ್ಡವಳು ಇಲ್ಲಿರಬೇಕು.” ಐದೂವರೆಗೆ ಎಂದೆ. ಮೂರೂ ಮಕ್ಕಳು ಬಂದರು.

ನನಗೆ ಯಾರಾದರೂ ಇದನ್ನು ಕೇಳಲಿ. ಆ ಓಣಿಯಲ್ಲಿ ನೀರು ಎಷ್ಟಕ್ಕೆ? ತಂದೆಯದು ಯಾವ ಪಾಳಿ? ಚಿಕ್ಕದನ್ನು ಕಂಕುಳಲ್ಲಿ ಎತ್ತಿಕೊಂಡು ಬರುವ ಅಕ್ಕನಿಗೆ ನಿಮ್ಮಲ್ಲಿ ಕೂರಲು ಜಾಗವಿದೆಯೇ, ಅಥವಾ “ವಯೋಮಿತಿ 6ರಿಂದ 12” ಎಂದು ಬರೆದಿದ್ದೀರಾ?

ಇದೇನು ನನ್ನ ಕಂಡುಹಿಡಿತವಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ ಶಾಲೆಯನ್ನು ಭಾನುವಾರ ಇಟ್ಟದ್ದು ಅಲ್ಲಿನ ಬಡ ಮಕ್ಕಳು ಉಳಿದ ಆರು ದಿನ ದುಡಿಯುತ್ತಿದ್ದರು ಎಂಬ ಕಾರಣಕ್ಕೆ. ಅಲ್ಲಿ ಅವರು ಓದಲು ಕಲಿತರು. ಮುಂಬೈಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ಕರಾವಳಿಯ ಹುಡುಗರಿಗಾಗಿ ನಮ್ಮವರು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರಲ್ಲ, ಅದೂ ಹಾಗೆಯೇ. ಆ ಶಾಲೆಗಳಲ್ಲಿ ಕಲಿತವರ ಮೊಮ್ಮಕ್ಕಳು ಇಂದು ಕಮಿಟಿಯಲ್ಲಿ ಕುಳಿತು ನನ್ನಲ್ಲಿ ಐಡಿಯಾ ಕೇಳುತ್ತಾರೆ.

ಯುವಜನರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಹತ್ತನೆಯ ತರಗತಿಯವರನ್ನು ಜನವರಿಯಿಂದ ಮಾರ್ಚ್‌ವರೆಗೆ ಮುಟ್ಟಬೇಡಿ, ಬೋರ್ಡ್ ಪರೀಕ್ಷೆ ಇರುತ್ತದೆ. ಉಳಿದ ಕಾಲದಲ್ಲಿ ಅವರಿಗೆ “ಯುವಕರೇ, ದಾರಿ ತಪ್ಪಬೇಡಿ” ಎಂಬ ಭಾಷಣ ಬೇಡ, ಹಾಲಿನ ಬೀಗದ ಕೈ ಕೊಡಿ. ಮೈಕು, ಚಹಾದ ಲೆಕ್ಕ, ಹಾಡಿನ ಹಾಳೆ ಅವರೇ ನೋಡಿಕೊಳ್ಳಲಿ. ನಮ್ಮ ಹಾಡಿನ ಹಾಳೆಯಲ್ಲಿ ಕನ್ನಡ ಹಾಡುಗಳು ದೇವನಾಗರಿ ಲಿಪಿಯಲ್ಲಿವೆ. ಕನ್ನಡ ಲಿಪಿ ಓದಲು ಬಾರದ ಹುಡುಗರೇ ಹಾಗೆ ಬರೆದರು. ಹಿರಿಯರಿಗೆ ಸಂಕಟವಾಯಿತು, ಮಕ್ಕಳು ಮಾತ್ರ ಹಿಂದೆಂದೂ ಹಾಡದಷ್ಟು ಜೋರಾಗಿ ಹಾಡಿದರು. ಚಿಕ್ಕ ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಒಬ್ಬರೇ ಎಂದಿಗೂ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಸ್ವಯಂಸೇವಕರಿಗೆ ಮೊದಲೇ ತಿಳಿಸಿ ಹೇಳಿ. ಈ ಮಾತಿಗೆ ಮುಖ ಸಿಂಡರಿಸುವವರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಲಿ.

ಇನ್ನು, “ಬೇರೆ ಧರ್ಮದ ಮಕ್ಕಳನ್ನು ಯಾಕೆ ಕರೆಯುತ್ತೀರಿ, ಏನು ಉದ್ದೇಶ?” ಎಂದು ಕಣ್ಣು ಕಿರಿದು ಮಾಡಿ ಕೇಳುವವರೂ ಇದ್ದಾರೆ. ಬೈಬಲ್ ಕಥೆ ಹೇಳುತ್ತೇವೆ, ಯೇಸುವಿನ ಹಾಡು ಹೇಳಿಕೊಡುತ್ತೇವೆ ಎಂದು ತಾಯಿತಂದೆಗೆ ಮೊದಲೇ ಹೇಳುತ್ತೇವೆ. ಒಪ್ಪಿ ಸಹಿ ಹಾಕಿದರೆ ಮಗು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಸಹಿ ಹಾಕದ ಮನೆಯವರೂ ಕಣ್ಣಿನ ತಪಾಸಣೆಗೆ ಬರಬಹುದು. ಬಂದಿದ್ದಾರೆ ಕೂಡ, ಕನ್ನಡಕ ಹಾಕಿಕೊಂಡು ಹೋಗಿದ್ದಾರೆ, ಕಥೆ ಕೇಳಿಲ್ಲ. ಅನುಮಾನವಿದ್ದವರು ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ, ಬಿಸ್ಕತ್ತು ಅವರಿಗೂ ಇದೆ.

ಈ ಭಾನುವಾರ ಹಾರ್ಬರ್ ಮಾರ್ಗದಲ್ಲಿ ಬ್ಲಾಕ್ ಇದೆ. ಹಾಗಾಗಿ ನಮ್ಮದು ಶನಿವಾರ ಮೂರೂವರೆಗೆ ಶುರು, ಐದೂವರೆಗೆ ಮುಕ್ತಾಯ.